ನಾಲ್ಕನೇ ಲೈನಿನವರು

ಟೊರೊಂಟೊದಲ್ಲಿ ಯಂಗ್ ಸ್ಟ್ರೀಟೂ ಫ್ರಂಟ್ ಸ್ಟ್ರೀಟೂ ಕೂಡುವ ಮೂಲೆಯಲ್ಲಿ ಒಂದು ಹಳೆಯ ಬ್ಯಾಂಕ್ ಕಟ್ಟಡ ಇದೆ. 1885ರದ್ದು. ಈಗ ಅದು ಐಸ್ ಹಾಕಿಯ ಮ್ಯೂಸಿಯಂ ಆದ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದೆ. ಒಳಗೆ ಬಣ್ಣದ ಗಾಜಿನ ಗುಮ್ಮಟದ ಕೆಳಗೆ ಸ್ಟಾನ್ಲಿ ಕಪ್, ಅಂದರೆ ಅಮೆರಿಕ, ಕೆನಡಾ ತಂಡಗಳು ಆಡುವ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ ಗೆದ್ದವರಿಗೆ ಕೊಡುವ ಕಪ್, ಇಟ್ಟಿರುತ್ತಾರೆ. ಅಸಲಿ ಕಪ್ ಊರೂರು ತಿರುಗಾಟಕ್ಕೆ ಹೋದಾಗ ಅದರ ಪ್ರತಿಯನ್ನು ಇಡುತ್ತಾರಂತೆ. ನಾವು ಹೋದ ದಿನ ಯಾವುದಿತ್ತೋ, ಕೇಳಲಿಲ್ಲ. ಹೊರಗೆ ಹಿಮ ಸುರಿಯುತ್ತಿತ್ತು, ಮನೆಯಲ್ಲಿ ಕೂತು ಬೇಜಾರಾಗಿತ್ತು, ಹಾಗಾಗಿ ಮಗನನ್ನು ಕರೆದುಕೊಂಡು ಹೋಗಿದ್ದೆ.

ಅವನು ಕಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲಕ್ಕಿಂತ ಕೆಳಗಿನ ಬೆಳ್ಳಿ ಪಟ್ಟಿಯನ್ನು ಓದುತ್ತಿದ್ದ. ಗೆದ್ದ ತಂಡದವರ ಹೆಸರುಗಳನ್ನು ಅದರ ಮೇಲೆ ಒಂದೊಂದೇ ಅಕ್ಷರ ಸುತ್ತಿಗೆಯಲ್ಲಿ ಹೊಡೆದು ಮೂಡಿಸುತ್ತಾರೆ. ಕೈಕೆಲಸ ಅಂದಮೇಲೆ ತಪ್ಪೂ ಆಗುತ್ತದೆ. 1981ರಲ್ಲಿ ಗೆದ್ದ ಐಲ್ಯಾಂಡರ್ಸ್ ತಂಡದ ಹೆಸರಲ್ಲಿ ಒಂದು ಎಸ್ ಬಿಟ್ಟುಹೋಗಿತ್ತು.

ಮಗ ತಲೆ ಎತ್ತಿ ಕೇಳಿದ. "ಅಪ್ಪಾ, ಪ್ಯಾಟ್ ಮರೂನ್ ಹೆಸರು ಮೂರು ಸಲ ಇದೆ. 2019, 2020, 2021. ಅವನು ಅಷ್ಟೇನೂ ಒಳ್ಳೆ ಪ್ಲೇಯರ್ ಅಲ್ಲ ಅಲ್ವಾ? ಮತ್ತೆ ಹೇಗೆ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದಕ್ಕಿಂತ ಜಾಸ್ತಿ, ಒಳಗೆ ಎಲ್ಲೋ ಚುರುಕ್ ಅಂದಿತು. ಯಾಕಂದ್ರೆ ನನ್ನ ಹತ್ತಿರವೂ ಮೂರು ಮೆಡಲ್ ಇದೆ.

ಅದನ್ನು ಮೊದಲು ಹೇಳಿ ಮುಗಿಸುತ್ತೇನೆ. ಅಪ್ಪ ವಿರಾಜಪೇಟೆಯಲ್ಲಿ ಮೇಷ್ಟ್ರಾಗಿದ್ದರು. ನಾವು ಕೊಡವರಲ್ಲ, ಆದರೆ ಆ ಊರಲ್ಲಿ ಬೆಳೆದ ಹುಡುಗ ಹಾಕಿ ಸ್ಟಿಕ್ ಹಿಡಿಯದೆ ಇರುವುದು ಕಷ್ಟ. 1997ರಲ್ಲಿ ಪಾಂಡಂಡ ಕುಟುಂಬದವರು ಕರಡದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬವನ್ನು ನಾನು ಮೈದಾನದ ಅಂಚಲ್ಲಿ ಕೂತು ನೋಡಿದವನು. ಅಜ್ಜಂದಿರು ಕೂಡ ನನಗಿಂತ ಚೆನ್ನಾಗಿ ಆಡುತ್ತಿದ್ದರು. ಕಾಲೇಜಿಗೆ ಹೋದಾಗ ಹೇಗೋ ತಂಡಕ್ಕೆ ಸೇರಿದೆ. ಫುಲ್‌ಬ್ಯಾಕ್, ಅದೂ ಬದಲಿ ಆಟಗಾರ. ಮೂರು ವರ್ಷವೂ ನಮ್ಮ ತಂಡ ಅಂತರ ಕಾಲೇಜು ಪಂದ್ಯಾವಳಿ ಗೆದ್ದಿತು. ಮೂರು ಫೈನಲ್ ಸೇರಿಸಿ ನಾನು ಆಡಿದ್ದು ನಾಲ್ಕು ನಿಮಿಷ. ಕೊನೆಯ ವರ್ಷ, ನಾವು ಮೂರು ಗೋಲು ಮುಂದಿದ್ದಾಗ, ಕೋಚ್ ಪಾಪ ಅಂದುಕೊಂಡು ಇಳಿಸಿದರು. ಚೆಂಡು ನನ್ನ ಕಡೆ ಬಂದಿದ್ದು ಒಂದೇ ಸಲ. ಜೋರಾಗಿ ಸೈಡ್‌ಲೈನ್ ಆಚೆ ಹೊಡೆದೆ.

ಆಮೇಲೆ ಬೆಂಗಳೂರಲ್ಲಿ ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಬಯೋಡೇಟಾ ನೋಡಿದವರು "ಓಹೋ, ಮೂರು ಸಲ ಚಾಂಪಿಯನ್! ಎಷ್ಟು ಗೋಲು ಹೊಡೆದಿದ್ದೀರಿ?" ಅಂದರು. "ಡಿಫೆನ್ಸ್ ಸಾರ್" ಅಂದೆ. ಸುಳ್ಳೇನಲ್ಲ. ಆದರೂ ಮಾರನೇ ದಿನವೇ ಆ ಸಾಲನ್ನು ಬಯೋಡೇಟಾದಿಂದ ತೆಗೆದುಬಿಟ್ಟೆ.

ಇಲ್ಲಿ ಹಾಕಿ ಅಂದರೆ ಐಸ್ ಹಾಕಿ, ಬೇರೆ ಯಾವುದೂ ಲೆಕ್ಕಕ್ಕಿಲ್ಲ. ಬಂದ ಹೊಸದರಲ್ಲಿ ನನಗೆ ಪಕ್, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಮಗ ಆಡೋಕೆ ಶುರುಮಾಡಿದ ಮೇಲೆ, ಬೆಳಗ್ಗೆ ಆರು ಗಂಟೆಗೆ ರಿಂಕ್‌ನ ತಣ್ಣನೆ ಬೆಂಚಲ್ಲಿ ಕೂತು ಕೂತು ಸ್ವಲ್ಪ ತಲೆಗೆ ಹತ್ತಿತು. ಐಸ್ ಮೇಲೆ ಒಂದು ಸಲಕ್ಕೆ ಗೋಲಿ, ಅಂದರೆ ಗೋಲ್‌ಕೀಪರ್, ಸೇರಿ ಆರು ಜನ. ಆದರೆ ಎನ್‌ಎಚ್‌ಎಲ್‌ ಪಂದ್ಯಕ್ಕೆ ಡ್ರೆಸ್ ಮಾಡುವವರು ಇಪ್ಪತ್ತು ಜನ. ಹನ್ನೆರಡು ಫಾರ್ವರ್ಡ್‌ಗಳನ್ನು ಮೂರು ಮೂರರಂತೆ ನಾಲ್ಕು ಲೈನ್ ಮಾಡುತ್ತಾರೆ. ಮೈಮುರಿದು ಸ್ಕೇಟ್ ಮಾಡಬೇಕಾದ್ದರಿಂದ ಮುಕ್ಕಾಲು ನಿಮಿಷಕ್ಕೇ ಉಸಿರು ಕಟ್ಟುತ್ತದೆ, ಒಂದು ಲೈನ್ ಬೆಂಚಿಗೆ ಬರುತ್ತದೆ, ಇನ್ನೊಂದು ಗೋಡೆ ಹಾರಿ ಇಳಿಯುತ್ತದೆ. ಸ್ಟಾರ್‌ಗಳೆಲ್ಲ ಮೊದಲೆರಡು ಲೈನಲ್ಲಿ. ಅರವತ್ತು ನಿಮಿಷದಲ್ಲಿ ಅವರು ಇಪ್ಪತ್ತು ನಿಮಿಷ ಐಸ್ ಮೇಲಿದ್ದರೆ ನಾಲ್ಕನೇ ಲೈನಿನವರಿಗೆ ಸಿಗುವುದು ಎಂಟೋ ಹತ್ತೋ ನಿಮಿಷ. ಎದುರಾಳಿಗೆ ಡಿಕ್ಕಿ ಹೊಡೆಯಬೇಕು, ಪಕ್ಕನ್ನು ಅವರ ಮೂಲೆಗೆ ತಳ್ಳಬೇಕು, ಗೋಲು ಕೊಡದೆ ವಾಪಸ್ ಬರಬೇಕು. ಅಷ್ಟು ಹೊತ್ತು ಸ್ಟಾರ್‌ಗಳು ನೀರು ಕುಡಿಯುತ್ತಾರೆ.

ಪ್ಯಾಟ್ ಮರೂನ್ ಇಂಥ ಆಟಗಾರ. ಆರಡಿ ಮೂರಿಂಚು ಎತ್ತರ, ಅದಕ್ಕೆ ತಕ್ಕ ಗಾತ್ರ, ಅಡ್ಡಹೆಸರೇ 'ಬಿಗ್ ರಿಗ್', ಅಂದರೆ ದೊಡ್ಡ ಲಾರಿ. ವೇಗವೂ ಲಾರಿಯದ್ದೇ. ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ 2007ರ ಡ್ರಾಫ್ಟ್‌ನಲ್ಲಿ ಫಿಲಡೆಲ್ಫಿಯಾ ಅವನನ್ನು ತೆಗೆದುಕೊಂಡಿದ್ದು 161ನೇ ನಂಬರಿಗೆ. ಅವರ ಪರ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆಮೇಲೆ ಅನಾಹೈಮ್, ಎಡ್ಮಂಟನ್, ನ್ಯೂಜೆರ್ಸಿ ಅಂತ ಸುತ್ತಿದ. ಎಡ್ಮಂಟನ್‌ನಲ್ಲಿ ಈ ಕಾಲದ ದೊಡ್ಡ ಸ್ಟಾರ್ ಕಾನರ್ ಮೆಕ್‌ಡೇವಿಡ್ ಪಕ್ಕ ನಿಲ್ಲಿಸಿದಾಗ, 2016–17ರಲ್ಲಿ, 27 ಗೋಲು ಹೊಡೆದ. ಅದೇ ಅವನ ಅತ್ಯುತ್ತಮ ವರ್ಷ. ಮೆಕ್‌ಡೇವಿಡ್ ಪಕ್ಕ ನಿಂತರೆ ಯಾರಾದರೂ ಹೊಡೆಯುತ್ತಾರೆ ಅಂತ ಜನ ಆಡಿಕೊಂಡರು. ಸ್ವಲ್ಪ ನಿಜವೇ.

2018ರಲ್ಲಿ ಒಪ್ಪಂದ ಮುಗಿದಾಗ ಅವನು ತನ್ನ ಹುಟ್ಟೂರು ಸೇಂಟ್ ಲೂಯಿಸ್‌ನ ಬ್ಲೂಸ್ ತಂಡಕ್ಕೆ ಒಂದೇ ವರ್ಷಕ್ಕೆ, 17.5 ಲಕ್ಷ ಡಾಲರಿಗೆ ಸಹಿ ಹಾಕಿದ. ಅವನ ಮಗ ಅದೇ ಊರಲ್ಲಿದ್ದ, ಅವನ ಹತ್ತಿರ ಇರಬೇಕು ಅಂತ. ಹಾಕಿ ಲೆಕ್ಕದಲ್ಲಿ ಅದು ಜಾಣ ನಿರ್ಧಾರ ಏನಲ್ಲ. 1967ರಿಂದ ಆಡುತ್ತಿದ್ದ ಬ್ಲೂಸ್ ಒಂದು ಸಲವೂ ಕಪ್ ಗೆದ್ದಿರಲಿಲ್ಲ. ನವೆಂಬರಿನಲ್ಲಿ ಕೋಚನ್ನು ತೆಗೆದರು. 2019ರ ಜನವರಿ 3ರ ಬೆಳಗ್ಗೆ ನೋಡಿದರೆ ತಂಡ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನದಲ್ಲಿತ್ತು.

ಅಲ್ಲಿಂದ ಅವರು ಎದ್ದಿದ್ದು ಹೇಗೆ ಅನ್ನುವುದು ದೊಡ್ಡ ಕಥೆ. ನನಗೆ ಬೇಕಾದ್ದು ಮೇ 7ರ ರಾತ್ರಿ ಮಾತ್ರ. ಪ್ಲೇಆಫ್, ಅಂದರೆ ಕಪ್ಪಿಗಾಗಿ ನಡೆಯುವ ನಾಕೌಟ್; ಒಂದೊಂದು ಸುತ್ತೂ ಏಳು ಪಂದ್ಯದ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಅವತ್ತು ಎರಡನೇ ಸುತ್ತು, ಡಲ್ಲಾಸ್ ವಿರುದ್ಧ ಏಳನೇ ಪಂದ್ಯ. ಸೋತರೆ ಮನೆಗೆ. ಸ್ಕೋರ್ 1–1. ಮೊದಲ ಓವರ್‌ಟೈಮ್ ಮುಗಿಯಿತು, ಎರಡನೆಯದು ಶುರುವಾಯಿತು. ಡಲ್ಲಾಸ್ ಗೋಲಿ ಬೆನ್ ಬಿಷಪ್ ಅವತ್ತು 52 ಹೊಡೆತ ತಡೆದಿದ್ದ. ಅವನೂ ಸೇಂಟ್ ಲೂಯಿಸ್‌ನಲ್ಲೇ ಬೆಳೆದವನು ಅನ್ನುವುದು ಇನ್ನೊಂದು ತಮಾಷೆ. ಹತ್ತೊಂಬತ್ತರ ಹುಡುಗ ರಾಬರ್ಟ್ ಥಾಮಸ್ ಹೊಡೆದ ಪಕ್ ಗೋಲುಕಂಬಕ್ಕೆ ಬಡಿದು ವಾಪಸ್ ಚಿಮ್ಮಿ ಬಿಷಪ್‌ನ ಹಿಂದಿನಿಂದ ತಾಗಿ ಐಸ್ ಮೇಲೆ ಬಿತ್ತು. ಬಿಷಪ್‌ಗೆ ಅದು ಎಲ್ಲಿದೆ ಅಂತಲೇ ಗೊತ್ತಿಲ್ಲ. ಗೋಲಿನ ಬಾಯಲ್ಲಿ ಬಂಡೆ ಹಾಗೆ ನಿಂತಿದ್ದ ಮರೂನ್ ಸ್ಟಿಕ್ಕಿನ ತುದಿಯಿಂದ ಅದನ್ನು ಒಳಗೆ ತಳ್ಳಿದ. ಗ್ಯಾಲರಿಯಲ್ಲಿ ಅವನ ಮಗ ಅಳುತ್ತಾ ಕುಣಿಯುತ್ತಿದ್ದ.

ಆ ಗೋಲಿನ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ. ಅದರಲ್ಲಿ ಕೌಶಲ ಅನ್ನುವಂಥದ್ದು ಏನೂ ಇಲ್ಲ. ನನ್ನ ಮಗನೂ ಹೊಡೆಯಬಹುದು. ಆದರೆ ನೂರು ಕಿಲೋ ದಾಟಿದ ದೇಹ ಹೊತ್ತು, ಅಷ್ಟು ಹೊತ್ತು ಆಡಿ, ಬೆನ್ನಿಗೆ ಸ್ಟಿಕ್ಕಿನ ಏಟು ಬೀಳುವ ಜಾಗದಲ್ಲಿ ಹೋಗಿ ನಿಲ್ಲಬೇಕಲ್ಲ, ಅದನ್ನು ನಾನಂತೂ ಮಾಡುತ್ತಿರಲಿಲ್ಲ.

ಜೂನ್ 12ರಂದು ಬಾಸ್ಟನ್‌ನಲ್ಲಿ ಬ್ಲೂಸ್ ಕಪ್ ಎತ್ತಿತು. ಊರಿನ ಹುಡುಗ, ಊರಿಗೆ ಮೊದಲ ಕಪ್. ಆದರೆ ಬ್ಲೂಸ್ ಅವನನ್ನು ಉಳಿಸಿಕೊಳ್ಳಲಿಲ್ಲ. ಬೇಸಿಗೆ ಪೂರ್ತಿ ಕಾದು, ಆಗಸ್ಟಿನಲ್ಲಿ ಟಾಂಪಾ ಬೇ ಲೈಟ್ನಿಂಗ್ ಜೊತೆ 9 ಲಕ್ಷ ಡಾಲರಿಗೆ ಒಪ್ಪಿದ. ಹಿಂದಿನ ವರ್ಷದ ಹೆಚ್ಚುಕಡಿಮೆ ಅರ್ಧ.

ಟಾಂಪಾ ಪರಿಸ್ಥಿತಿ ಇನ್ನೂ ಸ್ವಾರಸ್ಯದ್ದು. 2018–19ರಲ್ಲಿ ಅವರು 62 ಪಂದ್ಯ ಗೆದ್ದು ಲೀಗಿನ ದಾಖಲೆ ಸರಿಗಟ್ಟಿದ್ದರು. ಕುಚೆರೊವ್, ಸ್ಟ್ಯಾಮ್ಕೋಸ್, ಹೆಡ್ಮನ್, ಗೋಲಿನಲ್ಲಿ ವಸಿಲೆವ್ಸ್ಕಿ. ಕಾಗದದ ಮೇಲೆ ಸೋಲಿಸುವವರೇ ಇಲ್ಲ. ಪ್ಲೇಆಫ್ ಮೊದಲ ಸುತ್ತಿನಲ್ಲೇ ಕೊಲಂಬಸ್ ಅವರನ್ನು 4–0 ಅಂತ ಗುಡಿಸಿ ಹಾಕಿತು. ಆಮೇಲೆ ಅವರು ಹೊಸ ಸ್ಟಾರ್‌ಗಳ ಬೆನ್ನು ಹತ್ತಲಿಲ್ಲ. ಮರೂನ್ ಬಂದ. 2020ರ ಫೆಬ್ರವರಿಯಲ್ಲಿ ಬ್ಲೇಕ್ ಕೋಲ್ಮನ್ ಮತ್ತು ಬಾರ್ಕ್ಲೇ ಗುಡ್ರೋ ಅನ್ನುವ ಇಬ್ಬರು ದುಡಿಮೆಗಾರರನ್ನು ತರೋಕೆ ತಲಾ ಒಂದು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು ಬಿಟ್ಟುಕೊಟ್ಟರು. ಇಷ್ಟು ಸಣ್ಣ ಆಟಗಾರರಿಗೆ ಅಷ್ಟು ದೊಡ್ಡ ಬೆಲೆಯಾ ಅಂತ ಟಿವಿಯಲ್ಲಿ ಕೂತವರು ನಕ್ಕರು. 2020ರಲ್ಲಿ ಕೋವಿಡ್ ಕಾಲದ ಖಾಲಿ ಸ್ಟೇಡಿಯಂನಲ್ಲಿ ಕಪ್. 2021ರಲ್ಲಿ ಮಾಂಟ್ರಿಯಲ್ ವಿರುದ್ಧ ಇನ್ನೊಂದು ಕಪ್. 2022ರಲ್ಲೂ ಫೈನಲ್‌ವರೆಗೆ ಹೋಗಿ ಕೊಲರಾಡೊಗೆ ಸೋತರು. ಅಷ್ಟರಲ್ಲಿ ಮರೂನ್ ಇದ್ದ ತಂಡಗಳು ಸಾಲಾಗಿ 15 ಪ್ಲೇಆಫ್ ಸರಣಿ ಗೆದ್ದಿದ್ದವು.

ಇಲ್ಲಿ ನಾನು ಸ್ವಲ್ಪ ಹುಷಾರಾಗಿರಬೇಕು. 'ಮರೂನ್ ಬಂದ, ಟಾಂಪಾ ಗೆದ್ದಿತು' ಅಂತ ಹೇಳೋಕೆ ಚೆನ್ನಾಗಿರುತ್ತದೆ. ಆ ಎರಡು ಪ್ಲೇಆಫ್‌ಗಳಲ್ಲಿ ಅವನ ಗೋಲುಗಳು ಬೆರಳಲ್ಲಿ ಎಣಿಸುವಷ್ಟು. ಕುಚೆರೊವ್ ಇಲ್ಲದಿದ್ದರೆ ಕಪ್ ಇಲ್ಲ. ವಸಿಲೆವ್ಸ್ಕಿ ಇಲ್ಲದಿದ್ದರೆ ಖಂಡಿತ ಇಲ್ಲ. ಮರೂನ್ ಇಲ್ಲದಿದ್ದರೆ? ಪ್ರಾಯಶಃ ಗೆಲ್ಲುತ್ತಿದ್ದರು. ಅದೃಷ್ಟ ಅಂದರೆ ಅದೃಷ್ಟವೇ, ಮುಚ್ಚಿಡುವುದು ಏನಿದೆ? ಆದರೆ ಸಂಬಳದ ಮಿತಿ ಇರುವ ಲೀಗ್ ಇದು. ಸ್ಟಾರ್‌ಗಳಿಗೆ ಕೋಟಿಗಟ್ಟಲೆ ಡಾಲರ್ ಕೊಟ್ಟ ಮೇಲೆ ಉಳಿದ ಚಿಲ್ಲರೆಯಲ್ಲಿ ನಾಲ್ಕನೇ ಲೈನ್ ತುಂಬಬೇಕು. ಆ ಚಿಲ್ಲರೆಗೆ ಬಂದು, ಹತ್ತು ನಿಮಿಷ ಕೊಟ್ಟರೆ ಮುಖ ಊದಿಸಿಕೊಳ್ಳದೆ, ಡ್ರೆಸಿಂಗ್ ರೂಮಿನಲ್ಲಿ ಎಲ್ಲರನ್ನೂ ನಗಿಸುತ್ತಾ ಇರುವ ದೊಡ್ಡ ಆಳು ಎಲ್ಲಿ ಸಿಗುತ್ತಾನೆ ಹೇಳಿ. 2022ರ ನವೆಂಬರಿನಲ್ಲಿ ಬಾಸ್ಟನ್‌ನ ಟಿವಿ ಕಾಮೆಂಟೇಟರ್ ಒಬ್ಬ ಆಟದ ಮಧ್ಯೆ ಮರೂನ್‌ನ ಹೊಟ್ಟೆ ಬಗ್ಗೆ ಸಿಕ್ಕಾಪಟ್ಟೆ ಗೇಲಿ ಮಾಡಿದ. ಮರೂನ್ ಜಗಳಕ್ಕೆ ಹೋಗಲಿಲ್ಲ. ಆ ಕಾಮೆಂಟೇಟರ್ ಹೆಸರಲ್ಲೇ ಮಾನಸಿಕ ಆರೋಗ್ಯದ ಸಂಸ್ಥೆಯೊಂದಕ್ಕೆ ಎರಡು ಸಾವಿರ ಡಾಲರ್ ದಾನ ಮಾಡಿದ.

ಮಗನಿಗೆ ಅವತ್ತು ಇಷ್ಟೆಲ್ಲ ಹೇಳಲಿಲ್ಲ. ಬದಲು, ಎರಡು ಪಟ್ಟಿ ಮೇಲೆ ನೋಡು ಅಂದೆ. ಅಲ್ಲಲ್ಲ, ಮೂರು. 1979ರಿಂದ 1991ರವರೆಗಿನ ಪಟ್ಟಿ. ಎಡ್ಮಂಟನ್ ಆಯಿಲರ್ಸ್, 1984. ವೇಯ್ನ್ ಗ್ರೆಟ್ಸ್ಕಿಯ ಹೆಸರು ಸಿಕ್ಕಿತು. ಕೆವಿನ್ ಮೆಕ್‌ಕ್ಲೆಲಂಡ್ ಹುಡುಕು ಅಂದೆ. ಅದೂ ಸಿಕ್ಕಿತು. 1985? ಇಬ್ಬರೂ. 1987? ಇಬ್ಬರೂ. 1988? ಇಬ್ಬರೂ. ಅಕ್ಷರದ ಅಳತೆಯೂ ಒಂದೇ. ಗ್ರೆಟ್ಸ್ಕಿ 894 ಗೋಲು ಹೊಡೆದವನು, ನಾಲ್ಕು ಕಪ್. ಮೆಕ್‌ಕ್ಲೆಲಂಡ್ ಹೊಡೆದಿದ್ದು 68, ನಾಲ್ಕು ಕಪ್. ಅವನ ಮುಖ್ಯ ಕೆಲಸ ಗ್ರೆಟ್ಸ್ಕಿ ತಂಟೆಗೆ ಬಂದವರಿಗೆ ಮುಷ್ಟಿ ತೋರಿಸುವುದು.

ಆದರೆ ಆ 68ರ ಲೆಕ್ಕಕ್ಕೆ ಸೇರದ ಇನ್ನೊಂದು ಗೋಲು ಇದೆ. ಪ್ಲೇಆಫ್ ಗೋಲುಗಳನ್ನು ಬೇರೆ ಎಣಿಸುತ್ತಾರೆ. ಅದಕ್ಕೆ ಒಂದು ವರ್ಷ ಹಿಂದೆ ಹೋಗಬೇಕು. 1983ರ ಫೈನಲ್‌ನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಎಡ್ಮಂಟನ್‌ಗೆ 4–0 ಹೊಡೆದು ಸಾಲಾಗಿ ನಾಲ್ಕನೇ ಕಪ್ ಗೆದ್ದಿತು. ಸೋತ ಗ್ರೆಟ್ಸ್ಕಿ ಮತ್ತು ಕೆವಿನ್ ಲೋ ಹೊರಗೆ ಹೋಗುವಾಗ ಗೆದ್ದವರ ಡ್ರೆಸಿಂಗ್ ರೂಮ್ ದಾಟಬೇಕಾಯಿತು. ಒಳಗೆ ಕುಣಿತ ಇರುತ್ತದೆ ಅಂದುಕೊಂಡಿದ್ದರು. ನೋಡಿದರೆ ಆಟಗಾರರು ಮಂಡಿಗೆ, ಭುಜಕ್ಕೆ ಐಸ್ ಕಟ್ಟಿಕೊಂಡು ಸುಸ್ತಾಗಿ ಕೂತಿದ್ದರಂತೆ. ಗೆಲ್ಲೋಕೆ ಇಷ್ಟು ಪೆಟ್ಟು ತಿನ್ನಬೇಕು ಅಂತ ಅವತ್ತು ಗೊತ್ತಾಯಿತು ಅಂತ ಗ್ರೆಟ್ಸ್ಕಿಯೇ ಎಷ್ಟೋ ಸಲ ಹೇಳಿದ್ದಾನೆ. ಮುಂದಿನ ಡಿಸೆಂಬರಿನಲ್ಲಿ ಎಡ್ಮಂಟನ್ ಪಿಟ್ಸ್‌ಬರ್ಗ್‌ನಿಂದ ಮೆಕ್‌ಕ್ಲೆಲಂಡ್‌ನನ್ನು ತಂದಿತು. 1984ರ ಫೈನಲ್, ಅದೇ ಎದುರಾಳಿ, ಅವರದೇ ಅಂಗಳ, ಮೊದಲ ಪಂದ್ಯ. ಅಷ್ಟೊಂದು ಗೋಲು ಹೊಡೆಯುವ ಆಯಿಲರ್ಸ್ ಅವತ್ತು ಗೆದ್ದಿದ್ದು 1–0. ಆ ಒಂದು ಗೋಲು ಮೆಕ್‌ಕ್ಲೆಲಂಡ್‌ದು. ಸಾಲಾಗಿ 19 ಸರಣಿ ಗೆದ್ದು ಬಂದಿದ್ದ ಐಲ್ಯಾಂಡರ್ಸ್ ಆ ಫೈನಲ್‌ನಲ್ಲಿ ಮತ್ತೆ ಎದ್ದಿದ್ದು ಒಂದೇ ಪಂದ್ಯಕ್ಕೆ.

ಆ ಸೋತ ಐಲ್ಯಾಂಡರ್ಸ್‌ನಲ್ಲಿ ಬಿಲ್ಲಿ ಕ್ಯಾರಲ್ ಅಂತ ಒಬ್ಬನಿದ್ದ. ನನಗೆ ತುಂಬ ಇಷ್ಟವಾದವನು ಇವನೇ. ವೃತ್ತಿಜೀವನ ಪೂರ್ತಿ ಸುಮಾರು 30 ಗೋಲು. ತಂಡದವನೊಬ್ಬ ಪೆನಾಲ್ಟಿ ಬಾಕ್ಸಿನಲ್ಲಿ ಕೂತಾಗ ಆ ಎರಡು ನಿಮಿಷ ಎದುರಾಳಿಯನ್ನು ತಡೆದು ನಿಲ್ಲಿಸುವುದು ಇವನ ಕೆಲಸ. 1981, 82, 83ರಲ್ಲಿ ಐಲ್ಯಾಂಡರ್ಸ್ ಜೊತೆ ಮೂರು ಕಪ್. 84ರಲ್ಲಿ ಸೋಲು. ಆಮೇಲೆ ಐಲ್ಯಾಂಡರ್ಸ್‌ನವರು ಬಿಟ್ಟುಕೊಟ್ಟಾಗ ಎತ್ತಿಕೊಂಡವರು ಯಾರು? ಎಡ್ಮಂಟನ್. 1985ರಲ್ಲಿ ಅವರ ಜೊತೆ ನಾಲ್ಕನೇ ಕಪ್. ಐದು ವರ್ಷ, ಐದು ಫೈನಲ್, ಬದಲಾಗಿದ್ದು ಅಂಗಿಯ ಬಣ್ಣ ಮಾತ್ರ. ಹೋಟೆಲು ಯಾರದ್ದಾದರೂ ಊಟ ಚೆನ್ನಾಗಿರುತ್ತದೆ ಅನ್ನುವ ಅಡುಗೆಯವರು ಇರುತ್ತಾರಲ್ಲ, ಹಾಗೆ.

ಡೆಟ್ರಾಯಿಟ್‌ನ ಕ್ರಿಸ್ ಡ್ರೇಪರ್‌ನನ್ನು 1993ರಲ್ಲಿ ವಿನಿಪೆಗ್ ಒಂದೇ ಒಂದು ಡಾಲರಿಗೆ ಮಾರಿತ್ತು. ಅವನು ನಾಲ್ಕು ಕಪ್ ಗೆದ್ದ. ಆದರೆ ಆಮೇಲೆ ಅವನು ಲೀಗಿನ ಅತ್ಯುತ್ತಮ ಡಿಫೆನ್ಸಿವ್ ಫಾರ್ವರ್ಡ್ ಪ್ರಶಸ್ತಿಯನ್ನೂ ತೆಗೆದುಕೊಂಡ, ಹಾಗಾಗಿ ನಮ್ಮ ಸಂಘಕ್ಕೆ ಅವನನ್ನು ಸೇರಿಸೋಕಾಗುವುದಿಲ್ಲ.

ನಮ್ಮ ಸಂಘದ ಅಧ್ಯಕ್ಷ ಆಗಬೇಕಾದವನು ಮಿಶೆಲ್ ಲಾರೊಕ್. ಮಾಂಟ್ರಿಯಲ್ ಕನೇಡಿಯನ್ಸ್ 1976ರಿಂದ 79ರವರೆಗೆ ಸಾಲಾಗಿ ನಾಲ್ಕು ಕಪ್ ಗೆದ್ದಾಗ ಅವನು ಬದಲಿ ಗೋಲಿ. ಮುಂದೆ ಇದ್ದವನು ಕೆನ್ ಡ್ರೈಡನ್. ಡ್ರೈಡನ್ ಇದ್ದಮೇಲೆ ಪ್ಲೇಆಫ್‌ನಲ್ಲಿ ಬದಲಿಗೆ ಕೆಲಸವೇ ಇಲ್ಲ. ಆದರೆ 1979ರ ಫೈನಲ್ ಮೊದಲ ಪಂದ್ಯದಲ್ಲಿ ರೇಂಜರ್ಸ್ ಎದುರು ಡ್ರೈಡನ್ ಎಡವಿದ. ಎರಡನೇ ಪಂದ್ಯಕ್ಕೆ ನೀನೇ ಇಳಿ ಅಂತ ಕೋಚ್ ಸ್ಕಾಟಿ ಬೌಮನ್ ಲಾರೊಕ್‌ಗೆ ಹೇಳಿದ. ಎಷ್ಟೋ ವರ್ಷ ಕಾದ ರಾತ್ರಿ. ಪಂದ್ಯಕ್ಕೆ ಮುಂಚಿನ ವಾರ್ಮ್‌ಅಪ್‌ನಲ್ಲಿ ಸ್ವಂತ ತಂಡದ ಡಗ್ ರೈಸ್‌ಬ್ರೋ ಹೊಡೆದ ಪಕ್ ನೇರವಾಗಿ ಲಾರೊಕ್‌ನ ಮಾಸ್ಕಿಗೆ ಬಡಿಯಿತು. ಆಡೋಕಾಗಲಿಲ್ಲ. ಡ್ರೈಡನ್ ಮತ್ತೆ ಇಳಿದ, ಮಾಂಟ್ರಿಯಲ್ ಗೆದ್ದಿತು, ಮುಂದಿನ ಮೂರನ್ನೂ ಗೆದ್ದಿತು.

ಇದನ್ನು ಮೊದಲ ಸಲ ಓದಿದಾಗ ನಕ್ಕೆ. ಆಮೇಲೆ ನಗು ನಿಂತಿತು. ವಾರ್ಮ್‌ಅಪ್‌ನಲ್ಲಿ, ಪ್ರ್ಯಾಕ್ಟೀಸ್‌ನಲ್ಲಿ ಪಕ್ಕಿನ ಎದುರು ನಿಲ್ಲುವುದೇ ಬದಲಿ ಗೋಲಿಯ ಕೆಲಸ. ಗೀ ಲಾಫ್ಲೂರ್, ಸ್ಟೀವ್ ಶಟ್‌ನಂಥ ಹೊಡೆತಗಾರರಿಗೆ ಗುರಿಯಾಗಿ ದಿನಾ ಬೆಳಗ್ಗೆ ನಿಂತಿದ್ದವನು ಅವನು. ನಮ್ಮ ಕಾಲೇಜಿನಲ್ಲೂ ಒಬ್ಬ ಸೆಂಟರ್ ಫಾರ್ವರ್ಡ್ ಇದ್ದ. ದಿನಾ ಸಂಜೆ ಮಣ್ಣಿನ ಮೈದಾನದಲ್ಲಿ ನಾನು ಅವನನ್ನು ತಡೆಯಬೇಕು, ಅವನು ನನ್ನನ್ನು ದಾಟಬೇಕು. ಹತ್ತರಲ್ಲಿ ಒಂಬತ್ತು ಸಲ ದಾಟುತ್ತಿದ್ದ. ಮೊಣಕಾಲಿನ ಗಾಯದ ಗುರುತು ಇನ್ನೂ ಇದೆ. ಫೈನಲ್‌ನಲ್ಲಿ ಅವನು ಯಾರದ್ದೋ ಕಾಲಿನ ಸಂದಿಯಿಂದ ಚೆಂಡು ನುಸುಳಿಸಿದಾಗ ಬೆಂಚಿನಲ್ಲಿದ್ದ ನನಗೆ ಗೊತ್ತಿತ್ತು, ಆ ಪಟ್ಟು ಅವನು ಯಾರ ಮೇಲೆ ಕಲಿತದ್ದು ಅಂತ. ಇದನ್ನು ಇಂಟರ್‌ವ್ಯೂನಲ್ಲಿ ಹೇಳೋಕಾಗುತ್ತದಾ?

ಇನ್ನೊಂದು ಕಡೆಯೂ ಇದೆ. ಮಾರ್ಸೆಲ್ ಡಿಯಾನ್ 731 ಗೋಲು ಹೊಡೆದ, ಒಂದೂ ಕಪ್ ಇಲ್ಲ. ಮೈಕ್ ಗಾರ್ಟ್ನರ್ 708 ಹೊಡೆದ, ಅವನಿಗೆ ಫೈನಲ್ ಕೂಡ ಸಿಗಲಿಲ್ಲ. ಜೋ ಥಾರ್ನ್ಟನ್ ಗಡ್ಡ ಬೆಳ್ಳಗಾಗುವವರೆಗೆ ಆಡಿದ, 1714 ಪಂದ್ಯ, ಕಪ್ ಇಲ್ಲ. ಮರೂನ್‌ಗೆ 27 ಗೋಲು ಹೊಡೆಸಿದ ಮೆಕ್‌ಡೇವಿಡ್ 2024ರಲ್ಲೂ 2025ರಲ್ಲೂ ಫೈನಲ್‌ಗೆ ಹೋಗಿ ಸೋತ. ಇವರಿಗೆಲ್ಲ ಮೂರು ಕಪ್ ಇರುವ ಮರೂನ್ ಏನು ಹೇಳಬಹುದು? ಏನೂ ಹೇಳದೆ ಇರುವುದೇ ವಾಸಿ.

ನಮ್ಮ ಪಕ್ಕದ ಮನೆಯವರು ಹುಟ್ಟಾ ಟೊರೊಂಟೊದವರು, ಊರಿನ ಮೇಪಲ್ ಲೀಫ್ಸ್ ತಂಡದ ಭಕ್ತರು. ಲೀಫ್ಸ್ ಕೊನೆಯ ಸಲ ಕಪ್ ಗೆದ್ದಿದ್ದು 1967ರಲ್ಲಿ. ಆಗ ಅವರಿಗೆ ಒಂಬತ್ತು ವರ್ಷ. ಕಪ್ಪಿನ ಸುತ್ತ ದೊಡ್ಡ ಪಟ್ಟಿಗಳು ಐದು, ಒಂದೊಂದರಲ್ಲಿ ಹದಿಮೂರು ವರ್ಷದ ಹೆಸರು. ಕೆಳಗಿನದು ತುಂಬಿದಾಗ ಮೇಲಿನದನ್ನು ಬಿಚ್ಚಿ ಹಾಲ್ ಆಫ್ ಫೇಮ್‌ನ ತಿಜೋರಿಯಲ್ಲಿ ಇಡುತ್ತಾರೆ. 2018ರಲ್ಲಿ ಹಾಗೆ ಬಿಚ್ಚಿದಾಗ ಮಾರಿಸ್ ರಿಷಾರ್, ಗಾರ್ಡಿ ಹಾವ್ ಅವರಂಥ ಹಳೆಯ ದಿಗ್ಗಜರ ಹೆಸರುಗಳೇ ಕಪ್ಪಿನಿಂದ ಇಳಿದವು. ಈಗ ಎಲ್ಲಕ್ಕಿಂತ ಮೇಲಿರುವುದು 1966ರಿಂದ 78ರ ಪಟ್ಟಿ. ಟೊರೊಂಟೊದ 1967 ಅದರಲ್ಲಿದೆ. ಲಾರೊಕ್‌ನ ಮೊದಲ ಮೂರು ಕಪ್ಪೂ ಅಲ್ಲೇ. ಕೆಳಗಿನ ಪಟ್ಟಿ 2030ಕ್ಕೆ ತುಂಬುತ್ತದೆ. ಅಷ್ಟರಲ್ಲಿ ಲೀಫ್ಸ್ ಗೆಲ್ಲದಿದ್ದರೆ ಕಪ್ಪಿನ ಆ ಪಟ್ಟಿಗಳಲ್ಲಿ ಟೊರೊಂಟೊ ಅನ್ನುವ ಹೆಸರೇ ಇರುವುದಿಲ್ಲ. ಇದನ್ನು ಪಕ್ಕದ ಮನೆಯವರಿಗೆ ಹೇಳಿದ್ದು ನನ್ನ ತಪ್ಪು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮರೂನ್ ಹೆಸರು ಕೆಳಗಿನ ಪಟ್ಟಿಯ ಎರಡು, ಮೂರು, ನಾಲ್ಕನೇ ಸಾಲಲ್ಲಿ ಇದೆ. ಇನ್ನೂ ಎಷ್ಟೋ ವರ್ಷ ಊರೂರು ತಿರುಗುತ್ತದೆ.

ಮನೆಗೆ ಬಂದ ಮೇಲೆ ಮಗನಿಗೆ ನನ್ನ ಮೆಡಲ್ ವಿಷಯ ಹೇಳಿದೆ. ನಾಲ್ಕು ನಿಮಿಷದ ವಿಷಯವನ್ನೂ ಹೇಳಿದೆ. ಅವನಿಗೆ ನೋಡಲೇಬೇಕಂತೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ, ಅಲ್ಲಿ ಬೆಳಗ್ಗೆ.

"ಅಮ್ಮಾ, ಶೋಕೇಸಲ್ಲಿ ನನ್ನ ಹಾಕಿ ಮೆಡಲ್ ಮೂರಿತ್ತಲ್ಲ, ಒಂದು ಫೋಟೋ ಕಳಿಸ್ತೀಯಾ?"

"ಎರಡೇ ಇರೋದು ಅಲ್ಲಿ."

"ಇನ್ನೊಂದು?"

"ಬೀರು ಬೀಗದ ಕೈಗೆ ಹಾಕಿದೀನಿ ಕಣೋ. ಬೀಗದ ಕೈ ದಿನಾ ಎಲ್ಲೋ ಕಳೆದುಹೋಗ್ತಿತ್ತು. ಈಗ ಭಾರ ಇದೆ, ರಿಬ್ಬನ್ನೂ ಇದೆ, ಬೇಗ ಸಿಗುತ್ತೆ."

"ಯಾವ ವರ್ಷದ್ದಮ್ಮಾ ಅದು?"

"ಇರು, ಕನ್ನಡಕ ಹಾಕ್ಕೊಂಡು ನೋಡಿ ಹೇಳ್ತೀನಿ" ಅಂತ ಫೋನನ್ನು ಮೇಜಿನ ಮೇಲಿಟ್ಟು ಹೋದಳು. ಮಗ ಸ್ಪೀಕರಿಗೆ ಕಿವಿ ಕೊಟ್ಟು ಕೂತ. ದೂರದಲ್ಲಿ ಬೀಗದ ಕೈಗಳ ಝಣಝಣ ಕೇಳಿಸಿತು.